ಶಾಸನೋಕ್ತ ಗ್ರಹಣಗಳೂ ಚಾಂದ್ರಮಾಸದ ಗಣನೆಯೂ

ಕನ್ನಡನಾಡಿನ ದಾನಶಾಸನಗಳಲ್ಲಿ ‘ಸೋಮಗ್ರಹಣ’, ‘ಸೂರ್ಯಗ್ರಹಣ’ ಎಂಬ ಪರ್ವಗಳ ಉಲ್ಲೇಖವು ಪದೇಪದೇ ಬರುವುದು. ಗ್ರಹಣಕಾಲದಲ್ಲಿ ಕೊಟ್ಟ ದಾನವು ಅಕ್ಷಯಫಲವನ್ನೀಯುವುದೆಂಬ ಧರ್ಮಶಾಸ್ತ್ರದ ನಂಬುಗೆಯೇ ಇದಕ್ಕೆ ಮೂಲ. ದಾನಿಯ ಪುಣ್ಯಕ್ಕಾಗಿ ಕಲ್ಲಿನಲ್ಲಿ ಕಂಡರಿಸಿದ ಈ ಮಾತು ಇತಿಹಾಸಕಾರನಿಗೆ ಬೇರೊಂದು ಬಗೆಯಲ್ಲಿ ಉಪಕಾರಿಯಾಗಿದೆ. ಲಿಪಿಕಾರನು ವರ್ಷವನ್ನು ತಪ್ಪಿ ಬರೆದಿರಬಹುದು, ಅಕ್ಷರಗಳು ಸವೆದಿರಬಹುದು, ಚಂದ್ರನ ಗತಿ ಮಾತ್ರ ತಪ್ಪದು. ಆದುದರಿಂದ ಗ್ರಹಣವು ಶಾಸನದ ಕಾಲಕ್ಕೆ ಒರೆಗಲ್ಲಾಗಿದೆ. ಆದರೆ ಚಂದ್ರಗ್ರಹಣವೂ ಸೂರ್ಯಗ್ರಹಣವೂ ಒಂದೇ ಪ್ರಶ್ನೆಗೆ ಉತ್ತರ ಕೊಡುವುದಿಲ್ಲವೆಂಬುದನ್ನು ಗಮನಿಸಬೇಕು.

ಚಂದ್ರನು ನಕ್ಷತ್ರಚಕ್ರವನ್ನು 27.32 ದಿನಗಳಲ್ಲಿ ಸುತ್ತಿಬರುವನು. ಅಷ್ಟರಲ್ಲಿ ಸೂರ್ಯನೂ ಸುಮಾರು 27 ಅಂಶಗಳಷ್ಟು ಮುಂದೆ ಸರಿದಿರುವುದರಿಂದ, ಅವನನ್ನು ಮರಳಿ ಕೂಡಲು ಚಂದ್ರನಿಗೆ ಇನ್ನೂ ಎರಡು ದಿನಗಳಿಗೆ ಮಿಕ್ಕ ಕಾಲ ಬೇಕಾಗುವುದು. ಹೀಗೆ ಒಂದು ಅಮಾವಾಸ್ಯೆಯಿಂದ ಮತ್ತೊಂದಕ್ಕೆ 29.53 ದಿನಗಳು. ಇವರಿಬ್ಬರ ಅಂತರವು 12 ಅಂಶ ಬೆಳೆದರೆ ಒಂದು ತಿಥಿ. 180 ಅಂಶವಾದಾಗ ಹುಣ್ಣಿಮೆಯ ಅಂತ್ಯ. ಚಂದ್ರಬಿಂಬದ ಅರ್ಧಭಾಗವು ಸದಾ ಬೆಳಗುತ್ತಿದ್ದರೂ ಆ ಬೆಳಕಿನ ಎಷ್ಟು ಪಾಲು ಭೂಮಿಗೆ ಅಭಿಮುಖವಾಗಿದೆಯೋ ಅಷ್ಟೇ ನಮಗೆ ಕಾಣುವುದು. ಇದೇ ಕಲೆಗಳ ವೃದ್ಧಿಕ್ಷಯ.

ಪ್ರತಿ ಪರ್ವದಲ್ಲಿಯೂ ಗ್ರಹಣವೇಕೆ ಆಗದು? ಚಂದ್ರನ ಕಕ್ಷೆಯು ಕ್ರಾಂತಿವೃತ್ತಕ್ಕೆ 5 ಅಂಶಗಳಿಗೆ ತುಸು ಹೆಚ್ಚು ಓರೆಯಾಗಿದೆ. ಇವೆರಡೂ ಸಂಧಿಸುವ ಎರಡು ಬಿಂದುಗಳನ್ನೇ ರಾಹು, ಕೇತು ಎಂದು ಕರೆಯುವರು. ಸೂರ್ಯನು ಈ ಪಾತಗಳ ಸಮೀಪದಲ್ಲಿರುವಾಗ ಪರ್ವವು ಒದಗಿದರೆ ಮಾತ್ರ ಗ್ರಹಣ. ಪಾತಗಳು ಹಿಮ್ಮುಖವಾಗಿ ಚಲಿಸಿ 18.6 ವರ್ಷಗಳಲ್ಲಿ ಒಂದು ಸುತ್ತನ್ನು ಮುಗಿಸುತ್ತವೆ. ಆದುದರಿಂದ ಗ್ರಹಣದ ಮಾಸವು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಸೂರ್ಯನನ್ನು ಚಂದ್ರನೂ ಚಂದ್ರನನ್ನು ಭೂಛಾಯೆಯೂ ಮರೆಮಾಡುವುವೆಂದು ಆರ್ಯಭಟನು ಆರ್ಯಭಟೀಯದಲ್ಲಿ ಸ್ಪಷ್ಟಪಡಿಸಿದ್ದಾನೆ.

ಇನ್ನು ಮಾಸದ ಹೆಸರಿನ ವಿಚಾರ. ಅಮಾವಾಸ್ಯೆಗೆ ಮಾಸವನ್ನು ಮುಗಿಸುವುದು ಅಮಾಂತ ಪದ್ಧತಿ; ಹುಣ್ಣಿಮೆಗೆ ಮುಗಿಸುವುದು ಪೂರ್ಣಿಮಾಂತ ಪದ್ಧತಿ. ಇಂದು ಕರ್ನಾಟಕದಲ್ಲಿ ಮೊದಲನೆಯದೂ ಉತ್ತರದೇಶದ ಬಹುಭಾಗದಲ್ಲಿ ಎರಡನೆಯದೂ ರೂಢಿಯಲ್ಲಿವೆ. ಶುಕ್ಲಪಕ್ಷದ ಹೆಸರು ಎರಡರಲ್ಲಿಯೂ ಒಂದೇ. ಕೃಷ್ಣಪಕ್ಷದ್ದು ಮಾತ್ರ ಬೇರೆ: ಅಮಾಂತರು ಆಷಾಢ ಬಹುಳವೆನ್ನುವುದನ್ನು ಪೂರ್ಣಿಮಾಂತರು ಶ್ರಾವಣ ಬಹುಳವೆನ್ನುವರು. ಚಂದ್ರಗ್ರಹಣವು ಹುಣ್ಣಿಮೆಯಲ್ಲಿಯೇ ಆಗುವುದರಿಂದ ಅದು ಈ ಭೇದವನ್ನು ತೋರಿಸಲಾರದು. ಅಮಾವಾಸ್ಯೆಯಲ್ಲಾಗುವ ಸೂರ್ಯಗ್ರಹಣವೇ ಅದನ್ನು ಹೊರಗೆಡಹಬಲ್ಲುದು.

ಗದಗಿನ ತ್ರಿಕೂಟೇಶ್ವರನಿಗೆ ಹೊಯ್ಸಳ ವೀರಬಲ್ಲಾಳನು ಕೊಟ್ಟ ದಾನದ ಶಾಸನವು ಮೊದಲ ಬಗೆಗೆ ನಿದರ್ಶನ. ಅದರ ಕಾಲವು ಶಕ ವರ್ಷ 1114, ಪರಿಧಾವಿ ಸಂವತ್ಸರ, ಮಾರ್ಗಶೀರ್ಷ ಪೌರ್ಣಮಾಸಿ, ಶನಿವಾರ, ಸೋಮಗ್ರಹಣ. ಗಣಿತಕ್ಕೆ ಇದು ಕ್ರಿ. ಶ. 1192ನೆಯ ನವೆಂಬರ್ 21ನೆಯ ದಿನವಾಗುತ್ತದೆ. ಅಂದು ಶನಿವಾರವೇ, ಚಂದ್ರಗ್ರಹಣವೂ ಸಂಭವಿಸಿತ್ತು. ವರ್ಷ, ತಿಥಿ, ವಾರ, ಗ್ರಹಣ ಎಲ್ಲವೂ ಹೊಂದಿಕೊಳ್ಳುತ್ತವೆ. ಆದರೆ ಮಾಸಪದ್ಧತಿಯ ಬಗೆಗೆ ಈ ಶಾಸನವು ಮೌನವಾಗಿದೆ.

ಎರಡನೆಯ ಬಗೆಗೆ ನಿದರ್ಶನವು ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನ ಕಾಲದ ಪಟ್ಟದಕಲ್ಲಿನ ಸ್ತಂಭಶಾಸನ. ಅದರಲ್ಲಿ ಶ್ರಾವಣ ಅಮಾವಾಸ್ಯೆಯ ಸೂರ್ಯಗ್ರಹಣದ ಉಲ್ಲೇಖವಿದೆ. ಇದನ್ನು ಕ್ರಿ. ಶ. 754ನೆಯ ಜೂನ್ 25ರ ಗ್ರಹಣವೆಂದು ವಿದ್ವಾಂಸರು ಗುರುತಿಸಿದ್ದಾರೆ. ಆ ದಿನ ಸೂರ್ಯನು ಕರ್ಕಾಟಕವನ್ನು ಪ್ರವೇಶಿಸಿ ಕೆಲವೇ ದಿನಗಳಾಗಿದ್ದುವು. ಕರ್ಕಸಂಕ್ರಮಣವುಳ್ಳ ಚಾಂದ್ರಮಾಸವು ಆಷಾಢ; ಆದುದರಿಂದ ಇಂದಿನ ನಮ್ಮ ರೂಢಿಯಂತೆ ಅದು ಆಷಾಢ ಅಮಾವಾಸ್ಯೆ. ಶಾಸನವು ಅದನ್ನು ಶ್ರಾವಣವೆನ್ನುವುದು ಪೂರ್ಣಿಮಾಂತ ಗಣನೆಯಿಂದಲ್ಲದೆ ಸಲ್ಲದು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಈ ಸ್ತಂಭವನ್ನು ನಿಲ್ಲಿಸಿದ ಜ್ಞಾನಶಿವಾಚಾರ್ಯನು ಗಂಗೆಯ ಉತ್ತರತೀರದಿಂದ ಬಂದವನು. ಶಾಸನದ ಪಾಠವೂ ಉತ್ತರದ ಲಿಪಿ, ಈ ನಾಡಿನ ಲಿಪಿ ಎರಡರಲ್ಲಿಯೂ ಬರೆಯಲ್ಪಟ್ಟಿದೆ. ಮಾಸಗಣನೆಯೂ ಅವನ ಊರಿನದೇ ಆಗಿರಬಾರದೇಕೆ? ಈ ಶಂಕೆ ನ್ಯಾಯವಾದುದು. ಈ ಶಾಸನವೊಂದರಿಂದಲೇ ಅದು ಪರಿಹಾರವಾಗದು. ಆದರೆ ಇಮ್ಮಡಿ ಪುಲಕೇಶಿಯ ಹೈದರಾಬಾದಿನ ತಾಮ್ರಪಟವು ರಾಜಶಾಸನ. ಶಕ 534ರ ಆ ಪಟದಲ್ಲಿ ಭಾದ್ರಪದ ಅಮಾವಾಸ್ಯೆಯ ಸೂರ್ಯಗ್ರಹಣವು ಹೇಳಲ್ಪಟ್ಟಿದೆ. ಅದನ್ನು ಕ್ರಿ. ಶ. 612ನೆಯ ಆಗಸ್ಟ್ 2ಕ್ಕೆ ಹೊಂದಿಸಿದರೂ 613ನೆಯ ಜುಲೈ 23ಕ್ಕೆ ಹೊಂದಿಸಿದರೂ ಸೂರ್ಯನು ಸಿಂಹದಲ್ಲಿಯೇ ಇರುವನು; ಅಮಾಂತದಲ್ಲಿ ಅದು ಶ್ರಾವಣ, ಪೂರ್ಣಿಮಾಂತದಲ್ಲಿ ಭಾದ್ರಪದ. ವರ್ಷದ ಬಗೆಗೆ ವಿವಾದವಿದ್ದರೂ ಪದ್ಧತಿಯ ಬಗೆಗೆ ವಿವಾದವಿಲ್ಲ. ಆದುದರಿಂದ ಚಾಲುಕ್ಯರ ಆಸ್ಥಾನದಲ್ಲಿ ಪೂರ್ಣಿಮಾಂತ ಗಣನೆಯು ಬಳಕೆಯಲ್ಲಿದ್ದಿತೆಂದು ಹೇಳುವುದು ಯುಕ್ತವಾಗಿದೆ. ಜನಸಾಮಾನ್ಯರ ರೂಢಿಯೂ ಅದೇ ಆಗಿತ್ತೆಂದು ಇಷ್ಟರಿಂದಲೇ ನಿರ್ಣಯಿಸಲಾಗದು.

ಈ ಭೇದವು ಹಳೆಯ ಕಾಲಕ್ಕೆ ಮಾತ್ರ ಸೇರಿದುದಲ್ಲ. 1980ನೆಯ ಫೆಬ್ರುವರಿ 16, ಶನಿವಾರದಂದು ಪೂರ್ಣ ಸೂರ್ಯಗ್ರಹಣದ ನೆರಳು ಹುಬ್ಬಳ್ಳಿಯ ಸೀಮೆಯ ಮೇಲೆ ಹಾದುಹೋಯಿತು; ಬೆಂಗಳೂರಿನ ಖಗೋಳಭೌತ ಸಂಸ್ಥೆಯ ವಿಜ್ಞಾನಿಗಳು ಹುಬ್ಬಳ್ಳಿಯ ಸಮೀಪದಲ್ಲಿ ಬೀಡುಬಿಟ್ಟು ಅದನ್ನು ವೀಕ್ಷಿಸಿದರು. ಹುಬ್ಬಳ್ಳಿಯ ಪಂಚಾಂಗಕ್ಕೆ ಅದು ಮಾಘ ಅಮಾವಾಸ್ಯೆ. ಕಾಶಿಯ ಪಂಚಾಂಗಕ್ಕೆ ಫಾಲ್ಗುನ ಅಮಾವಾಸ್ಯೆ. ಅಂದು ಯಾರಾದರೂ ದಾನಶಾಸನವನ್ನು ಬರೆಯಿಸಿದ್ದರೆ, ಬರೆದವನ ಪದ್ಧತಿಯನ್ನರಿಯದ ಮುಂದಿನ ಓದುಗನು ಒಂದು ಮಾಸದಷ್ಟು ಎಡವುತ್ತಿದ್ದನು.

ಪ್ರಾಚೀನ ಶಾಸನಗಳನ್ನು ಪಾಠ ಹೇಳುವವರು ಇದನ್ನು ನೆನಪಿನಲ್ಲಿಡುವುದು ಒಳಿತು. ಕಲ್ಲಿನ ಮಾಸಕ್ಕೂ ಗಣಿತದ ಮಾಸಕ್ಕೂ ಹೊಂದಿಕೆಯಿಲ್ಲವೆಂದು ಕಂಡೊಡನೆ ಶಾಸನವನ್ನು ಕೂಟವೆಂದು ತಳ್ಳಿಹಾಕುವುದಾಗಲಿ, ಅಕ್ಷರವನ್ನು ತಿದ್ದುವುದಾಗಲಿ ಸಲ್ಲದು. ತಿಥಿಯು ಕೃಷ್ಣಪಕ್ಷದ್ದೋ ಎಂದು ಮೊದಲು ನೋಡಬೇಕು. ಹೌದಾದರೆ ಎರಡು ಗಣನೆಗಳನ್ನೂ ಪರೀಕ್ಷಿಸಬೇಕು. ಹಲವೊಮ್ಮೆ ತಪ್ಪು ಕಲ್ಲಿನದಾಗಿರದೆ ಓದುವವನ ರೂಢಿಯದಾಗಿರುತ್ತದೆ.