ಸರ್ವರ್ ಯಂತ್ರಗಳ ಆರೋಗ್ಯಪರೀಕ್ಷೆ: ಒಂದು ವಿವೇಚನೆ

ಬೀರೂರು ಹೋಬಳಿಯ ತೆಂಗು ಅಡಕೆಗಳ ಬೆಳೆಗಾರನಿಗೆ ಪಹಣಿಯು ಎಷ್ಟು ಮುಖ್ಯವಾದ ಪತ್ರವೆಂಬುದನ್ನು ಹೇಳಬೇಕಾದುದಿಲ್ಲ. ಸಾಲ, ಕ್ರಯ, ಪಾಲುಪಟ್ಟಿ ಇವೆಲ್ಲವೂ ಅದನ್ನು ಅವಲಂಬಿಸಿವೆ. ಹಿಂದೆ ಶಾನುಭೋಗರ, ಅನಂತರ ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಈ ದಾಖಲೆಗಳು ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯಿಂದ ಗಣಕವನ್ನು ಸೇರಿದುವು. ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ 2 ಕೋಟಿಯಷ್ಟು ಪಹಣಿಗಳು ಹೀಗೆ ದಾಖಲಾದುವು. 2001ರ ಸುಮಾರಿನಲ್ಲಿ ಇವು ತಾಲ್ಲೂಕು ಕಛೇರಿಯ ಸರ್ವರ್‌ಗಳಲ್ಲಿದ್ದುವು; ಬೀರೂರಿನವರಿಗೆ ಆ ಸ್ಥಳ ಕಡೂರು. ಈಗ ಅವು ಬೆಂಗಳೂರಿನ ಕೇಂದ್ರದಿಂದ ದೊರೆಯುತ್ತವೆ. ಸರ್ವರ್ ನಿಂತರೆ ನಾಡಕಛೇರಿಯ ಮುಂದಿನ ಸಾಲೂ ನಿಲ್ಲುವುದು. ಆದುದರಿಂದ ಇಂಥ ಯಂತ್ರದ ಕೆಡುಕನ್ನು ಮುಂಚಿತವಾಗಿ ಅರಿಯುವ ಬಗೆಯನ್ನು ನಾವಿಲ್ಲಿ ಸ್ಥೂಲವಾಗಿ ವಿವರಿಸುತ್ತೇವೆ.

ಬೀರೂರು ಶಿವಮೊಗ್ಗದ ಮಾರ್ಗ ಕವಲೊಡೆಯುವ ಜಂಕ್ಷನ್ ಆದುದರಿಂದ ರೈಲ್ವೆಯ ಉಪಮಾನವು ಇಲ್ಲಿ ಉಚಿತವೆನಿಸುತ್ತದೆ. ಗಾಡಿಯ ಚಕ್ರವನ್ನು ಸುತ್ತಿಗೆಯಿಂದ ತಟ್ಟಿ, ನಾದದ ವ್ಯತ್ಯಾಸದಿಂದ ಬಿರುಕನ್ನು ಗುರುತಿಸುವುದು ರೈಲ್ವೆಯ ಹಳೆಯ ಪದ್ಧತಿ. ಸರ್ವರಿನಲ್ಲಿ ಈ ಪರೀಕ್ಷಕನ ಕೆಲಸವನ್ನು ಮುಖ್ಯ ಫಲಕದ ಮೇಲಿರುವ ಒಂದು ಪುಟ್ಟ ಸಂಸ್ಕಾರಕವು ಮಾಡುತ್ತದೆ. ಅದಕ್ಕೆ ಬಿಎಂಸಿ ಎಂದು ಹೆಸರು. ಮುಖ್ಯ ಯಂತ್ರವು ಆರಿದ್ದರೂ, ವಿದ್ಯುತ್ತಿನ ಸಂಪರ್ಕವಿರುವವರೆಗೆ ಇದು ಎಚ್ಚರವಾಗಿರುತ್ತದೆ. ಯಂತ್ರದ ಉಷ್ಣತೆ, ಪಂಖಗಳ ವೇಗ, ವಿದ್ಯುತ್ತಿನ ಒತ್ತಡ ಇವನ್ನು ಅಳೆದು, ಮಿತಿಮೀರಿದ ಘಟನೆಗಳನ್ನು ದಿನಚರಿಯಲ್ಲಿ ಬರೆದಿಡುತ್ತದೆ. ಉದಾಹರಣೆಗೆ, 12 ವೋಲ್ಟಿನ ಸರಬರಾಜಿಗೆ ಶೇಕಡ 5ರ ವ್ಯತ್ಯಾಸವನ್ನು ಒಪ್ಪಿದರೆ 11.4ಕ್ಕಿಂತ ಕಡಮೆ ಅಥವಾ 12.6ಕ್ಕಿಂತ ಹೆಚ್ಚಾದೊಡನೆ ಎಚ್ಚರಿಕೆ ಹೊರಡುತ್ತದೆ.

ಭಿನ್ನ ತಯಾರಕರ ಯಂತ್ರಗಳು ಒಂದೇ ಭಾಷೆಯಲ್ಲಿ ವರದಿ ಕೊಡಲೆಂದು 1998ರಲ್ಲಿ ಇಂಟೆಲ್, ಡೆಲ್, ಹ್ಯೂಲೆಟ್-ಪ್ಯಾಕರ್ಡ್, ಎನ್‌ಇಸಿ ಸಂಸ್ಥೆಗಳು ಐಪಿಎಂಐ ಎಂಬ ನಿಯಮಾವಳಿಯನ್ನು ಹೊರಡಿಸಿದುವು. 2015ರಲ್ಲಿ ರೆಡ್‌ಫಿಶ್ ಎಂಬ ನೂತನ ನಿಯಮಾವಳಿಯು ಬಂದಿತು. ನಿರ್ವಹಣಾ ತಂತ್ರಾಂಶವು ಈ ನಿಯಮಗಳಂತೆ ನೂರಾರು ಯಂತ್ರಗಳ ವರದಿಗಳನ್ನು ಒಂದೆಡೆ ಕಲೆಹಾಕಿ, ಮೇಲ್ವಿಚಾರಕನಿಗೆ ತಿಳಿಸುತ್ತದೆ.

ಇಲ್ಲಿ ಒಂದೇ ಅಂಕಿಗಿಂತ ಅಂಕಿಗಳ ಗತಿ ಮುಖ್ಯ. ಸ್ಮೃತಿಕೋಶದಲ್ಲಿ ಒಂದು ಬಿಟ್ ತಪ್ಪಿದರೆ ಇಸಿಸಿ ವ್ಯವಸ್ಥೆಯು ತಾನೇ ತಿದ್ದಿಕೊಳ್ಳುತ್ತದೆ. ಆದರೆ ಅದೇ ಕೋಶದಲ್ಲಿ ತಿದ್ದುಪಡಿಗಳು ದಿನೇದಿನೇ ಹೆಚ್ಚಿದರೆ ಅದನ್ನು ಬದಲಿಸುವ ಕಾಲ ಬಂದಿತೆಂದೇ ತಿಳಿಯಬೇಕು. ಅಂತೆಯೇ ಡಿಸ್ಕಿನಲ್ಲಿ ಕೆಟ್ಟ ಭಾಗಗಳಿಗೆ ಬದಲಾಗಿ ಮೀಸಲು ಭಾಗಗಳನ್ನು ಬಳಸಿದ ಲೆಕ್ಕವನ್ನು ‘ಸ್ಮಾರ್ಟ್’ ವ್ಯವಸ್ಥೆಯು ಇಡುತ್ತದೆ.

ಆದರೂ ಈ ಪರೀಕ್ಷೆಯನ್ನೇ ಪೂರ್ಣವಾಗಿ ನಂಬಲಾಗದು. ಗೂಗಲ್ ಸಂಸ್ಥೆಯವರು ಲಕ್ಷಕ್ಕೂ ಮಿಕ್ಕ ಡಿಸ್ಕುಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕೆಟ್ಟ ಡಿಸ್ಕುಗಳಲ್ಲಿ ಶೇಕಡ 36ಕ್ಕೂ ಹೆಚ್ಚಿನವು, ಉಷ್ಣತೆಯೊಂದನ್ನು ಬಿಟ್ಟರೆ, ‘ಸ್ಮಾರ್ಟ್’ ಅಂಕಿಗಳಲ್ಲಿ ಯಾವ ಪೂರ್ವಸೂಚನೆಯನ್ನೂ ಕೊಟ್ಟಿರಲಿಲ್ಲ. ಆದಕಾರಣ ಎರಡು ಡಿಸ್ಕುಗಳಲ್ಲಿ ಏಕಕಾಲಕ್ಕೆ ಬರೆಯುವುದೂ, ಬೇರೊಂದು ಊರಿನಲ್ಲಿ ಪ್ರತಿಯನ್ನಿಡುವುದೂ ಅವಶ್ಯ. ಎಚ್ಚರಿಕೆಗಳು ಮಿತಿಮೀರಿ ಬಂದರೆ ಮೇಲ್ವಿಚಾರಕನು ಅವನ್ನು ಉಪೇಕ್ಷಿಸತೊಡಗುವನಾದ್ದರಿಂದ ಮಿತಿಗಳನ್ನು ವಿವೇಚಿಸಿ ಗೊತ್ತುಮಾಡಬೇಕು.

ತಂತ್ರಾಂಶವು ಕೆಡುಕಿನ ಸೂಚನೆಯನ್ನು ಮಾತ್ರ ಕೊಡಬಲ್ಲುದು. ಕೆಟ್ಟ ಪಂಖವನ್ನು ಬದಲಿಸುವವನು ಮನುಷ್ಯನೇ. ಎಚ್ಚರಿಕೆ ಯಾರಿಗೆ ಮುಟ್ಟಬೇಕು, ಎಷ್ಟು ಹೊತ್ತಿನೊಳಗೆ ಅವರು ಕಾರ್ಯೋನ್ಮುಖರಾಗಬೇಕು ಎಂಬುದನ್ನು ಮೊದಲೇ ನಿಶ್ಚಯಿಸದಿದ್ದರೆ ಈ ವ್ಯವಸ್ಥೆಯೆಲ್ಲವೂ ನಿರರ್ಥಕವೆಂದು ನಮ್ಮ ಅಭಿಪ್ರಾಯ.