ಜ್ವಾಲಾಮುಖಿ ಇಲ್ಲದ ನೀಲಗಿರಿಯಲ್ಲಿ ಜ್ವಾಲಾಮುಖಿಯ ಮಣ್ಣು!

ಉದಕಮಂಡಲ: ಮಸಿನಗುಡಿಯಿಂದ ಕಲ್ಹಟ್ಟಿ ಘಾಟಿಯ 36 ತಿರುವು ಹತ್ತಿ ಊಟಿಗೆ ಹೋಗುವವರು ರಸ್ತೆ ಬದಿಯ ಮಣ್ಣನ್ನು ಗಮನಿಸಿರಬಹುದು. ಕೆಳಗೆ ಕೆಂಪಗಿರುವ ಮಣ್ಣು ಮೇಲೆ ಹೋದಂತೆ ಕಪ್ಪಾಗುತ್ತದೆ. ಊಟಿ ಸುತ್ತಲಿನ ಹುಲ್ಲುಗಾವಲಿನಲ್ಲಿ ಗುದ್ದಲಿ ಹಾಕಿದರೆ ಬರುವ ಮೇಲ್ಮಣ್ಣು ಕಾಫಿಪುಡಿಯಂತೆ ಕಪ್ಪು, ಹಗುರ, ಮೆತ್ತಗೆ.

ಇಂತಹ ಮಣ್ಣು ಹೆಚ್ಚಾಗಿ ಸಿಗುವುದು ಜಪಾನ್, ಇಂಡೋನೇಷ್ಯಾದಂತಹ ಜ್ವಾಲಾಮುಖಿಗಳ ನಾಡಿನಲ್ಲಿ. ವಿಜ್ಞಾನಿಗಳು ಇದನ್ನು ಆಂಡಿಸಾಲ್ ಎನ್ನುತ್ತಾರೆ. ಜಪಾನಿ ಭಾಷೆಯಲ್ಲಿ 'ಆನ್' ಎಂದರೆ ಕಪ್ಪು, 'ದೋ' ಎಂದರೆ ಮಣ್ಣು. ಪ್ರಪಂಚದ ನೆಲದಲ್ಲಿ ಇದರ ಪಾಲು ಶೇ. 1ಕ್ಕಿಂತ ಕಡಿಮೆ. ಆದರೆ ಮಣ್ಣಿನಲ್ಲಿರುವ ಒಟ್ಟು ಇಂಗಾಲದಲ್ಲಿ ಸುಮಾರು ಶೇ. 5 ಇದರೊಳಗಿದೆ.

ನೀಲಗಿರಿಯಲ್ಲಿ ಜ್ವಾಲಾಮುಖಿಯೂ ಇಲ್ಲ, ಅದರ ಬೂದಿಯೂ ಇಲ್ಲ. ಇರುವುದು ಚಾರ್ನೊಕೈಟ್ ಎಂಬ ಬಹಳ ಹಳೆಯ ಗಟ್ಟಿ ಕಲ್ಲು. ಆದರೂ ಬೆಟ್ಟದ ಎತ್ತರದ ಭಾಗದಲ್ಲಿ ಇದೇ ಗುಣದ ಮಣ್ಣು ಇದೆ ಎಂದು ಕ್ಯಾನರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು.

ಇದು ಹೇಗೆ? ಎಲೆ, ಹುಲ್ಲು, ಬೇರು ಎಲ್ಲ ಕಡೆಯೂ ಕೊಳೆಯುತ್ತವೆ. ಸೂಕ್ಷ್ಮಜೀವಿಗಳು ಅದನ್ನು ತಿಂದು ಇಂಗಾಲವನ್ನು ಅನಿಲವಾಗಿ ಗಾಳಿಗೆ ಬಿಡುತ್ತವೆ. ಮಸಿನಗುಡಿಯ ಸೆಕೆಯಲ್ಲಿ ಈ ಕೆಲಸ ಬೇಗ ಮುಗಿಯುತ್ತದೆ. ಉಳಿದದ್ದನ್ನು ಗೆದ್ದಲು, ಕಾಡುಬೆಂಕಿ ನೋಡಿಕೊಳ್ಳುತ್ತವೆ. 2,240 ಮೀಟರ್ ಎತ್ತರದ ಊಟಿಯ ಚಳಿಯಲ್ಲಿ ಅದು ನಿಧಾನ. ಆದರೆ ಚಳಿಯೊಂದೇ ಕಾರಣವಲ್ಲ. ಕಲ್ಲು ಸವೆದು ಉಳಿದ ಅಲ್ಯೂಮಿನಿಯಂ ಮತ್ತು ಕಬ್ಬಿಣ, ಕೊಳೆತ ಪದಾರ್ಥವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಮುಚ್ಚಿದ ಡಬ್ಬಿಯ ಬೆಲ್ಲ ಇರುವೆಗೆ ಸಿಗದ ಹಾಗೆ, ಅದು ಸೂಕ್ಷ್ಮಜೀವಿಗಳಿಗೆ ಸುಲಭಕ್ಕೆ ಸಿಗುವುದಿಲ್ಲ.

ಕಣಿವೆಯ ಜೌಗು ನೆಲದ ಕಥೆ ಸ್ವಲ್ಪ ಬೇರೆ. ಅಲ್ಲಿ ನೀರು ನಿಂತು ಗಾಳಿಯಾಡದೆ ಕೊಳೆಯುವುದೇ ಕಷ್ಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತಿತರರು ಇಂತಹ ಜೌಗು ಮಣ್ಣಿನ ಇಂಗಾಲವನ್ನು ಪರೀಕ್ಷಿಸಿ, ಸುಮಾರು 20,000 ವರ್ಷಗಳಲ್ಲಿ ಇಲ್ಲಿ ಹುಲ್ಲು ಯಾವಾಗ ಹೆಚ್ಚಿತ್ತು, ಮರ ಯಾವಾಗ ಹೆಚ್ಚಿತ್ತು ಎಂದು 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿವರಿಸಿದರು. ಅಷ್ಟು ಹಳೆಯ ಹುಲ್ಲಿನ ಅಂಶ ಇನ್ನೂ ನೆಲದಲ್ಲಿದೆ!

ಈ ಮಣ್ಣಿನ ಗುಣ ಆಲೂಗಡ್ಡೆ, ಕ್ಯಾರೆಟ್ ಬೆಳೆಯುವವರಿಗೆ ತಲೆನೋವೂ ಹೌದು. ಅದೇ ಅಲ್ಯೂಮಿನಿಯಂ ಹೊಲಕ್ಕೆ ಹಾಕಿದ ಸೂಪರ್ ಫಾಸ್ಫೇಟನ್ನೂ ಹಿಡಿದುಕೊಳ್ಳುವುದರಿಂದ ಬೆಳೆಗೆ ಸಿಗುವುದು ಕಡಿಮೆ. ಮಣ್ಣಿನ ಹುಳಿ ತೆಗೆಯಲು ಸುಣ್ಣ ಹಾಕಬೇಕಾಗುತ್ತದೆ. ಸುಣ್ಣದಿಂದ ಬೆಳೆಗೆ ಅನುಕೂಲವಿದೆ, ಆದರೆ ಅತಿಯಾದರೆ ಆ ಹಿಡಿತ ಸಡಿಲವಾಗಿ ಇಂಗಾಲ ಕರಗುವ ಅಪಾಯವೂ ಇದೆ. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಹಾಕುವುದು ಲೇಸು. ಪದೇ ಪದೇ ಅಗೆದಾಗಲೂ ಗಾಳಿ ಒಳಹೊಕ್ಕು ಕೊಳೆಯುವ ವೇಗ ಹೆಚ್ಚುತ್ತದೆ.

ಹುಲ್ಲುಗಾವಲನ್ನು ಪಾಳುಭೂಮಿ ಎಂದು ತಿಳಿದು ಬ್ರಿಟಿಷರ ಕಾಲದಿಂದ ವ್ಯಾಟಲ್, ನೀಲಗಿರಿ ಮರ ನೆಟ್ಟದ್ದು ಎಲ್ಲರಿಗೂ ಗೊತ್ತಿದೆ. ಮರ ಕಣ್ಣಿಗೆ ಕಾಣುತ್ತದೆ, ಲೆಕ್ಕಕ್ಕೂ ಸಿಗುತ್ತದೆ. ಹುಲ್ಲಿನ ಸಂಪತ್ತು ನೆಲದಡಿ ಇರುವುದರಿಂದ ಯಾರೂ ಕೇಳಲಿಲ್ಲ.

ಕಪ್ಪು ಮಣ್ಣು ಸ್ಪಂಜಿನಂತೆ ಮಳೆನೀರು ಹೀರಿ ನಿಧಾನವಾಗಿ ಬಿಡುತ್ತದೆ. ಆ ನೀರೇ ಪೈಕಾರಾ ಸೇರಿ, ಕೆಳಗಿಳಿದು ಮೋಯಾರ್ ಆಗಿ, ಮಸಿನಗುಡಿಯ ಕಡೆಯಿಂದ ಕರ್ನಾಟಕದ ಗಡಿಗುಂಟ ಹರಿಯುತ್ತದೆ. ಇಳಿಜಾರಿನಲ್ಲಿ ಮೆಟ್ಟಿಲು ಕಟ್ಟದೆ ಉತ್ತರೆ, ಮಳೆಗೆ ಮೊದಲು ಕೊಚ್ಚಿಹೋಗುವುದು ಮೇಲಿನ ಈ ಕಪ್ಪು ಪದರವೇ. ಅದು ಹೋದರೆ ಕೆಳಗೆ ಉಳಿಯುವುದು ಕೆಂಪು ಜೇಡಿ.