ಹಳೇ ಮಾರುತಿ: ಕೊಳ್ಳೋದು ಸುಲಭ, ಸಾಕೋದು ಲೆಕ್ಕದ ಕೆಲಸ

ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆ ಹಳ್ಳಿಗಳಲ್ಲಿ ಕೊಟ್ಟಿಗೆ ಪಕ್ಕ ಒಂದು ಹಳೇ ಮಾರುತಿ 800 ನಿಂತಿರುವುದು ಈಗ ಅಪರೂಪವಲ್ಲ. ಒಂದು ಸೀಮೆ ಹಸುವಿನ ಬೆಲೆಗೆ ಸಿಗುತ್ತದೆ ಅಂತ ತರುತ್ತಾರೆ. ಕೊನೇ ಬಸ್ಸು ಹೋದ ಮೇಲೆ ಮನೆಯಲ್ಲಿ ಯಾರಿಗಾದರೂ ಹಾವು ಕಚ್ಚಿದರೆ, ಹೆರಿಗೆ ನೋವು ಬಂದರೆ ಬಾಗಿಲಲ್ಲಿ ಗಾಡಿ ಇರುವುದು ದೊಡ್ಡ ಧೈರ್ಯ. ಪಾವಗಡದಿಂದ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಹತ್ತಿರ ಹತ್ತಿರ ನೂರು ಕಿ.ಮೀ. ಆದರೆ ಕೊಳ್ಳುವ ದುಡ್ಡು ಒಂದು ಸಲದ್ದು, ಸಾಕುವ ದುಡ್ಡು ವರ್ಷಾ ವರ್ಷದ್ದು. ಮಳೆ ಕೈಕೊಟ್ಟ ವರ್ಷವೂ ಆ ಖರ್ಚು ಬಿಡುವುದಿಲ್ಲ.

ಮಾರುತಿ 800 ಮಾರಾಟಕ್ಕೆ ಬಂದದ್ದು 1983ರ ಡಿಸೆಂಬರ್‌ನಲ್ಲಿ. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. 796 ಸಿ.ಸಿ.ಯ, ಮೂರು ಸಿಲಿಂಡರಿನ ಚಿಕ್ಕ ಎಂಜಿನ್. ತಾಲ್ಲೂಕು ಪಟ್ಟಣದ ಗ್ಯಾರೇಜಿನಲ್ಲೂ ಇದನ್ನು ಬಿಚ್ಚಿ ಜೋಡಿಸುವವರು ಇದ್ದಾರೆ. ಇದೇ ಇದರ ದೊಡ್ಡ ಗುಣ. ಕೆಳಗಿನ ಮಾತುಗಳಲ್ಲಿ ಹೆಚ್ಚಿನವು ಆಲ್ಟೊದಂಥ ಬೇರೆ ಚಿಕ್ಕ ಕಾರುಗಳಿಗೂ ಸಲ್ಲುತ್ತವೆ.

ಮೊದಲು ಕಾಗದ, ಆಮೇಲೆ ಎಂಜಿನ್

ಕಾರು ನೋಡಲು ಹೋದವರು ಬಾನೆಟ್ ಎತ್ತುವ ಮುಂಚೆ ಆರ್‌ಸಿ ನೋಡಬೇಕು. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಿಂದ 5,000 ರೂಪಾಯಿ ಮಾಡಿದರು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ಹಸಿರು ತೆರಿಗೆ ಬೇರೆ. ಆದ್ದರಿಂದ ಮಧುಗಿರಿಯ ಆರ್‌ಟಿಒ ಕಚೇರಿಯಲ್ಲಿ ಈ ಹೊತ್ತಿನ ದರ ಕೇಳಿಕೊಂಡೇ ವ್ಯಾಪಾರಕ್ಕೆ ಕೂರಬೇಕು. ಮೂವತ್ತು ಸಾವಿರಕ್ಕೆ ಸಿಕ್ಕಿತು ಅಂದ ಗಾಡಿ, ಆರ್‌ಸಿ ಮುಗಿದಿದ್ದರೆ ಆ ಬೆಲೆಯದ್ದಲ್ಲ.

ಹೆಸರು ವರ್ಗಾವಣೆ ಇನ್ನೂ ಮುಖ್ಯ. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು ಪೆಟ್ಟಿಗೆಯಲ್ಲಿ ಇಟ್ಟರೆ ವರ್ಗಾವಣೆ ಆದಂತಲ್ಲ, ಕಚೇರಿಗೆ ಕೊಡಬೇಕು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಅಪಘಾತವಾದರೆ ಅವನೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮಾರಿದವನು ನೆಮ್ಮದಿಯಾಗಿ ಮಲಗಬೇಕಾದರೂ ಹೆಸರು ಬದಲಾಗಲೇಬೇಕು.

ವಿಮೆ ತಪ್ಪಿಸಬೇಡಿ. 1000 ಸಿ.ಸಿ. ಒಳಗಿನ ಕಾರಿಗೆ ಥರ್ಡ್ ಪಾರ್ಟಿ ವಿಮೆ 2022ರ ಜೂನ್‌ನಿಂದ ವರ್ಷಕ್ಕೆ 2,094 ರೂಪಾಯಿ ಅಂತ ಗೊತ್ತುಮಾಡಿದರು, ತೆರಿಗೆ ಸೇರಿ ಎರಡೂವರೆ ಸಾವಿರದ ಹತ್ತಿರ. ಇದನ್ನು ಉಳಿಸಲು ಹೋಗಿ ದಾರಿಹೋಕರಿಗೆ ಗಾಡಿ ತಗುಲಿದರೆ ಲಕ್ಷಗಟ್ಟಲೆ ಪರಿಹಾರವನ್ನು ಮಾಲೀಕನೇ ಕಟ್ಟಬೇಕು. ಕಟ್ಟದಿದ್ದರೆ ಜಮೀನು ಜಪ್ತಿವರೆಗೂ ಹೋಗಬಹುದು. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸಿದರೂ ವಿಮೆ ಕಂಪನಿ ಕೈ ಎತ್ತಬಹುದು.

ಬೋರ್‌ವೆಲ್ ನೀರು ರೇಡಿಯೇಟರಿಗೆ ವಿಷ

ನಮ್ಮ ಸೀಮೆಯ ಬೋರ್ ನೀರು ಗಡಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಹಾಗೇ ಕಟ್ಟುತ್ತದೆ. ನೀರು ಸರಿಯಾಗಿ ಓಡದೆ ಎಂಜಿನ್ ಕಾಯುತ್ತದೆ. ಎಂಜಿನ್ನಿನ ಹೆಡ್ ಅಲ್ಯೂಮಿನಿಯಮ್ಮಿನದು. ಕಾದರೆ ಸೊಟ್ಟಗಾಗಿ ಗ್ಯಾಸ್ಕೆಟ್ ಹೋಗುತ್ತದೆ. ಅಲ್ಲಿಗೆ ಒಂದು ಬೆಳೆ ದುಡ್ಡು ಗ್ಯಾರೇಜಿಗೆ. ಅದಕ್ಕೇ ಕೂಲೆಂಟ್ ಹಾಕಿ. ಬೆರೆಸುವುದಕ್ಕೆ ಅಂಗಡಿಯ ಡಿಸ್ಟಿಲ್ಡ್ ವಾಟರ್ ಇರಲಿ. ಬ್ಯಾಟರಿಗೂ ಅದೇ ನೀರು, ಬೋರ್ ನೀರು ಒಂದು ತೊಟ್ಟೂ ಬೇಡ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬಾರದು, ಮುಖ ಸುಟ್ಟುಹೋಗುತ್ತದೆ.

ಧೂಳು, ಮುಳ್ಳು, ಇಲಿ

ಮಣ್ಣು ರಸ್ತೆಯ ಕೆಂಧೂಳು ಏರ್ ಫಿಲ್ಟರಿನಲ್ಲಿ ತುಂಬಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ತೆಗೆದು ಕೊಡವಿ. ಎಂಜಿನ್ ಆಯಿಲನ್ನು 5,000 ಕಿ.ಮೀ.ಗೆ ಬದಲಾಯಿಸಬೇಕು. ಅಷ್ಟು ಓಡದಿದ್ದರೆ ಆರು ತಿಂಗಳಿಗೊಮ್ಮೆ. ಹಳೇ ಗಾಡಿ ಕೊಂಡವರು ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಅಂತ ಕೇಳಿ. ಗೊತ್ತಿಲ್ಲ ಅಂದರೆ ಮೊದಲು ಅದನ್ನೇ ಬದಲಾಯಿಸಿ. ಅದು ಹರಿದರೆ ಗಾಡಿ ಇದ್ದಲ್ಲೇ ನಿಲ್ಲುತ್ತದೆ.

ಬಳ್ಳಾರಿ ಜಾಲಿ ಮುಳ್ಳು ಟೈರಿಗೆ ಶತ್ರು, ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ಅಂತ ವಾರಕ್ಕೊಮ್ಮೆ ನೋಡಿ. ಹುಲ್ಲಿನ ಮೆದೆ ಪಕ್ಕ ಕಾರು ನಿಲ್ಲಿಸಬೇಡಿ. ಇಲಿ ಬಂದು ವೈರು ಕಡಿಯುತ್ತದೆ. ನಿಂತೇ ಇರುವ ಗಾಡಿಯನ್ನು ವಾರಕ್ಕೊಮ್ಮೆಯಾದರೂ ಹದಿನೈದಿಪ್ಪತ್ತು ನಿಮಿಷ ಓಡಿಸಿ. ಇಲ್ಲದಿದ್ದರೆ ಬ್ಯಾಟರಿ ಇಳಿದು, ಬೇಕಾದ ರಾತ್ರಿ ಸೆಲ್ಫ್ ಹೊಡೆಯುವುದಿಲ್ಲ.

ರಸ್ತೆ ಮೇಲಿನ ಹುರುಳಿ

ಸುಗ್ಗಿಯಲ್ಲಿ ನಾವೇ ಹುರುಳಿ, ರಾಗಿಯನ್ನು ಟಾರ್ ರಸ್ತೆಗೆ ಹರಡುತ್ತೇವೆ. ಹುರುಳಿ ಬಳ್ಳಿ ಕಾರಿನ ಅಡಿಯಲ್ಲಿ ಚಕ್ರದ ಆಕ್ಸಲ್ಲಿಗೆ ಸುತ್ತಿಕೊಂಡು, ಬಿಸಿ ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳುತ್ತದೆ. ಹೀಗೆ ಕಾರು ಸುಟ್ಟ ಸುದ್ದಿ ಪೇಪರಿನಲ್ಲಿ ಬಂದಿದೆ. ಸಾಧ್ಯವಾದರೆ ಅದರ ಮೇಲೆ ಹತ್ತಿಸಬೇಡಿ. ಹತ್ತಿಸಿದ್ದರೆ ದಾಟಿದ ಕೂಡಲೇ ಎಲ್ಲರೂ ಇಳಿದು ಅಡಿಯಲ್ಲಿ ನೋಡಿ. ಸಿಕ್ಕಿಕೊಂಡದ್ದನ್ನು ಕೋಲಿನಿಂದ ಎಳೆದು ತೆಗೆಯಿರಿ. ಒಕ್ಕಣೆಗೆ ಕಣ ಮಾಡಿಕೊಂಡರೆ ಇಬ್ಬರಿಗೂ ಕ್ಷೇಮ.

ಈಗಿನ ಪೆಟ್ರೋಲ್

2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥೆನಾಲ್ ಸೇರಿಸುವಂತಾಯಿತು. ಕಬ್ಬು, ಮೆಕ್ಕೆಜೋಳದಿಂದ ಮಾಡುವ ಎಥೆನಾಲ್ ಇದು. ಹಳೇ ಗಾಡಿಗಳು ಇದಕ್ಕೆಂದು ಮಾಡಿದವಲ್ಲ. ಮೈಲೇಜು ಸ್ವಲ್ಪ ಇಳಿಯುತ್ತದೆ, ಹಳೇ ರಬ್ಬರ್ ಪೈಪು ಬೇಗ ಬಿರುಕು ಬಿಡುತ್ತದೆ. ಎಥೆನಾಲ್ ನೀರಿನ ಅಂಶವನ್ನೂ ಹೀರಿಕೊಳ್ಳುತ್ತದೆ. ಪೆಟ್ರೋಲ್ ಪೈಪುಗಳನ್ನು ಒಮ್ಮೆ ಹೊಸದು ಹಾಕಿಸಿ. ಗಾಡಿ ಹತ್ತಿರ ಪೆಟ್ರೋಲ್ ವಾಸನೆ ಬಂದರೆ ಕೀಲಿ ತಿರುಗಿಸಬೇಡಿ, ಮೊದಲು ಸೋರುವ ಜಾಗ ಹುಡುಕಿಸಿ.

ವರ್ಷದ ಲೆಕ್ಕ

ವರ್ಷಕ್ಕೆ 3,000 ಕಿ.ಮೀ. ಓಡಿಸಿದಿರಿ ಅನ್ನಿ. ಲೀಟರಿಗೆ 15 ಕಿ.ಮೀ. ಕೊಟ್ಟರೆ 200 ಲೀಟರ್. ಲೀಟರಿಗೆ ನೂರು ರೂಪಾಯಿ ಹಿಡಿದರೆ 20,000. ವಿಮೆ 2,500. ನವೀಕರಣದ ಐದು ಸಾವಿರವನ್ನು ಐದು ವರ್ಷಕ್ಕೆ ಹಂಚಿದರೆ 1,000. ಆಯಿಲ್, ಹೊಗೆ ಸರ್ಟಿಫಿಕೇಟು, ಟೈರು-ಬ್ಯಾಟರಿಯ ಪಾಲು, ಸಣ್ಣಪುಟ್ಟ ರಿಪೇರಿ ಅಂತ 10,000 ಎತ್ತಿಡಬೇಕು. ಒಟ್ಟು 33,500. ಕಿ.ಮೀ.ಗೆ 11 ರೂಪಾಯಿ ಬಿತ್ತು.

ಅದೇ ಗಾಡಿ ವರ್ಷಕ್ಕೆ 1,000 ಕಿ.ಮೀ. ಮಾತ್ರ ಓಡಿದರೆ? ಪೆಟ್ರೋಲ್ 6,700ಕ್ಕೆ ಇಳಿಯುತ್ತದೆ. ಉಳಿದ ಖರ್ಚು ಹೆಚ್ಚೇನೂ ಇಳಿಯುವುದಿಲ್ಲ. ಒಟ್ಟು 20,000 ದಾಟುತ್ತದೆ, ಕಿ.ಮೀ.ಗೆ 20 ರೂಪಾಯಿ. ನಿಮ್ಮೂರಿನ ಬಾಡಿಗೆ ಕಾರಿನ ದರ ಇದರ ಪಕ್ಕದಲ್ಲಿಟ್ಟು ನೋಡಿ.

ಮದುವೆ, ಜಾತ್ರೆ, ಗೊರವನಹಳ್ಳಿ ಲಕ್ಷ್ಮಿ ದರ್ಶನ ಇಷ್ಟಕ್ಕೇ ಆದರೆ ಬಾಡಿಗೆ ಗಾಡಿಯೇ ಲಾಭ. ಮನೆಯಲ್ಲಿ ಕಾಯಿಲೆಯ ಹಿರಿಯರಿದ್ದು, ಊರಿಗೆ ಬಸ್ಸು ಸರಿಯಾಗಿಲ್ಲದೆ ತಿಂಗಳಿಗೆ ನಾಲ್ಕಾರು ಸಲ ಓಡಾಟ ಇದ್ದರೆ ಸ್ವಂತ ಗಾಡಿಗೆ ಅರ್ಥ ಇದೆ. ಆಗಲೂ ಸಾಲ ಮಾಡಿ ಕೊಳ್ಳಬೇಡಿ. ಕಡಲೇಕಾಯಿ ಮಾರಿದ ದಿನವೇ ಗಾಡಿಯ ವರ್ಷದ ಖರ್ಚು ತೆಗೆದಿಡಿ. ತೆಗೆದಿಡಲು ಆಗದ ವರ್ಷ, ವಿಮೆ ಮುಗಿಯುವ ಮುಂಚೆ, ಗಾಡಿ ಓಡುವ ಸ್ಥಿತಿಯಲ್ಲಿರುವಾಗಲೇ ಮಾರಿಬಿಡಿ. ಕೆಟ್ಟು ನಿಂತ ಮೇಲೆ ಅದಕ್ಕೆ ಗುಜರಿ ಬೆಲೆ ಅಷ್ಟೇ.